ದುರ್ಗದ ಮನೇನೂ ಲೆಕ್ಕಕ್ಕೆ ಬರುತ್ತೆ ತಮ್ಮಾ

ತಮ್ಮಾ, ನಿನ್ನ ಮೆಸೇಜ್ ಬಂದಾಗ ನಾನು ದಾವಣಗೆರೆಲಿ ಇದ್ದೆ, ಈಗಲೂ ಇಲ್ಲೇ ಇದೀನಿ, ವಿದ್ಯಾನಗರದ ಮನೇಲಿ ಅಮ್ಮನ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿನ್ಕೊಂಡು, ಅದಕ್ಕೇ ಉತ್ತರ ಲೇಟಾಯ್ತು. ಇಂಗ್ಲೆಂಡಿನ ರೀಡಿಂಗ್ ಊರಿನ ಕಡೆ 3.5 ಲಕ್ಷ ಪೌಂಡ್ ಒಳಗೆ ಮನೆ ಹೊಸದಾಗಿ ಕಟ್ಟಿದ್ದು ತಗೊಳ್ಳಾದಾ ಹಳೇದು ತಗೊಳ್ಳಾದಾ ಅಂತ ಕೇಳಿದೀಯ. ಅದಿರಲಿ, ಕೊನೇಲಿ ಒಂದು ಲೈನ್ ಹಾಕಿದೀಯಲ್ಲ, ಚಿತ್ರದುರ್ಗದಲ್ಲಿ ಮಾವನೋರು ನಿನ್ನ ಹೆಂಡ್ತಿ ಹೆಸರಿಗೆ ಮಾಡಿಕೊಟ್ಟ ಮನೆ ಬಾಡಿಗೆಗೆ ಐತೆ ಅಂತ, ನನ್ನ ಕಣ್ಣು ಅಲ್ಲೇ ನಿಂತಿದ್ದು.

ಇಂಗ್ಲೆಂಡಲ್ಲಿ ಮೊದಲನೇ ಮನೆ ತಗೊಳ್ಳೋರಿಗೆ 3 ಲಕ್ಷ ಪೌಂಡ್ ತನಕ ಸ್ಟಾಂಪ್ ಡ್ಯೂಟಿ ಇಲ್ಲ, ನಿನ್ನ 3.5 ಲಕ್ಷದ ಮನೆಗೆ ಬರೀ 2,500 ಪೌಂಡ್ ಆಗ್ತಿತ್ತು. ಆದ್ರೆ ಮೊದಲನೇದು ಅಂದ್ರೆ ಪ್ರಪಂಚದಲ್ಲೇ ಮೊದಲನೇದು. ಊರಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರ ಹೆಸರಲ್ಲಿ 40,000 ಪೌಂಡ್ ಬಾಳೋ ಮನೆ ಇದ್ರೂ ಇದನ್ನ ಎರಡನೇ ಮನೆ ಅಂತಾರೆ, 2024ರ ಅಕ್ಟೋಬರ್ ಕೊನೆಯಿಂದ ಅದಕ್ಕೆ ಪೂರ್ತಿ ಬೆಲೆ ಮೇಲೆ 5 ಪರ್ಸೆಂಟ್ ಜಾಸ್ತಿ. ಮೊದಲನೇ ಮನೆ ರಿಯಾಯಿತಿ ಇಲ್ಲದ ಮಾಮೂಲಿ ಡ್ಯೂಟಿ 7,500, ಈ 5 ಪರ್ಸೆಂಟಿಂದು 17,500, ಒಟ್ಟು 25,000 ಪೌಂಡ್! ನಿನ್ನೊಬ್ಬನ ಹೆಸರಿಗೆ ಮಾಡಿಸಿದ್ರೂ ಬಿಡಲ್ಲ, ಗಂಡ ಹೆಂಡ್ತಿ ಒಂದೇ ಲೆಕ್ಕ. ಟ್ಯಾಕ್ಸ್‌ನೋರಿಗೇನ್ ಗೊತ್ತಾಗುತ್ತೆ ದುರ್ಗದ್ದು ಅಂತ ನಿನ್ನ ಫ್ರೆಂಡ್ಸ್ ಹೇಳ್ತಾರೆ, ಸುಳ್ಳು ಬರೆದು ಸೈನ್ ಹಾಕೋನು ನೀನು, ಅವರಲ್ಲ.

ಇನ್ನು ಅಪ್ಪಾಜಿ ದುರ್ಗದ ಸೈಟ್ ಮಾರಿ ನಿನಗೆ ದುಡ್ಡು ಕಳಿಸೋ ವಿಷ್ಯ. ಇಂಗ್ಲೆಂಡಲ್ಲಿ ಸಾಲಿಸಿಟರ್, ಅಂದ್ರೆ ಮನೆ ಕಾಗದ ನೋಡೋ ವಕೀಲರು, ಪ್ರತಿ ಪೌಂಡಿಗೂ ಎಲ್ಲಿಂದ ಬಂತು ಅಂತ ಕೇಳ್ತಾರೆ, ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಮೇಲೆ ನನಗೆ ಹಕ್ಕಿಲ್ಲ ಅಂತ ಅಪ್ಪಾಜಿ ಸೈನ್ ಹಾಕಿದ ಗಿಫ್ಟ್ ಲೆಟರ್ ಎಲ್ಲಾ ಬೇಕು. ನಮ್ಮ ಕಡೆ ಅರ್ಧ ಚೆಕ್ಕು ಅರ್ಧ ಕ್ಯಾಶು ವ್ಯವಹಾರ ಗೊತ್ತಲ್ಲ, ಆ ಕ್ಯಾಶು ಅಲ್ಲಿ ಕಾಗದಕ್ಕೆ ಸಮ. ಬ್ಯಾಂಕಿಂದ ಕಳಿಸಿದ್ರೂ ವರ್ಷಕ್ಕೆ 2.5 ಲಕ್ಷ ಡಾಲರ್ ಲಿಮಿಟ್, 10 ಲಕ್ಷ ರೂಪಾಯಿ ದಾಟಿದ್ದಕ್ಕೆ 20 ಪರ್ಸೆಂಟ್ ಟಿಸಿಎಸ್, ಅಂದ್ರೆ ಬ್ಯಾಂಕೇ ಮುಂಚೆ ವಸೂಲಿ ಮಾಡೋ ತೆರಿಗೆ, ಹಿಡೀತಾರೆ, ಅಪ್ಪಾಜಿ ರಿಟರ್ನ್ಸ್ ಹಾಕಿದ್ರೆ ವಾಪಸ್ ಬರುತ್ತೆ ಆದ್ರೆ ಅಲ್ಲೀವರೆಗೆ ನಿನ್ನ ಕೈಗೆ ಸಿಗಲ್ಲ.

ಹೊಸದಾ ಹಳೇದಾ ಅಂದ್ರೆ, ನಾನು ಎರಡೂ ಅನುಭವಿಸಿದೋನು. ಇಂಗ್ಲೆಂಡಲ್ಲಿ ನಾನು ಮೊದಲು ತಗೊಂಡಿದ್ದು ಹೊಸ ಮನೆ, ಬಿಲ್ಡರ್ ಹೆಸರು ಬೇಡ ಬಿಡು. 10 ವರ್ಷ ವಾರಂಟಿ ಅಂತ ಖುಷಿಯಾಗಿದ್ವಿ, ಆಮೇಲೆ ತಿಳೀತು ಸಣ್ಣಪುಟ್ಟ ರಿಪೇರಿಗೆಲ್ಲ ಬಿಲ್ಡರ್ ಜವಾಬ್ದಾರಿ ಮೊದಲ 2 ವರ್ಷ ಅಷ್ಟೇ, ಉಳಿದ 8 ವರ್ಷ ಗೋಡೆ ಪಾಯ ಛಾವಣಿ ಥರದ ದೊಡ್ಡ ತೊಂದರೆಗೆ. ಬಚ್ಚಲು ಸೋರಿ ಕೆಳಗಿನ ರೂಮಿನ ಸೀಲಿಂಗ್ ಹಳದಿ ಆದ್ರೂ ಇವತ್ತು ಬರ್ತೀವಿ ನಾಳೆ ಬರ್ತೀವಿ ಅಂತ 7 ತಿಂಗಳು ಓಡಾಡಿಸಿದ್ರು. ಅದಕ್ಕಿಂತ ಉರಿದಿದ್ದು ಎಸ್ಟೇಟ್ ಚಾರ್ಜು. ನಮ್ಮೂರಲ್ಲಿ ಪ್ರೈವೇಟ್ ಲೇಔಟ್ ಪಾಲಿಕೆಗೆ ಹಸ್ತಾಂತರ ಆಗದೆ ರೋಡು ಲೈಟು ಯಾರೂ ಕೇಳಲ್ಲ ನೋಡು, ಅಲ್ಲೂ ಅದೇ ಕಥೆ, ಕೌನ್ಸಿಲ್ ಆ ರಸ್ತೆ ತಗೊಳ್ಳದಿದ್ರೆ ಹುಲ್ಲು ಕತ್ತರಿಸೋಕೂ ಒಂದು ಕಂಪನಿ ವರ್ಷ ವರ್ಷ ಬಿಲ್ ಕಳಿಸುತ್ತೆ, ಕೌನ್ಸಿಲ್ ಟ್ಯಾಕ್ಸು ಪೂರ್ತಿ ಕಟ್ಟಿದ ಮೇಲೂ.

ಅದನ್ನ ಮಾರಿ ಈಗ 1930ರ ಕಾಲದ್ದು ತಗೊಂಡಿದೀವಿ. ಚಳಿ ಜಾಸ್ತಿ, ಕರೆಂಟ್ ಗ್ಯಾಸ್ ಬಿಲ್ಲೂ ಜಾಸ್ತಿ, ಸುಳ್ಳು ಹೇಳಲ್ಲ. ಆದ್ರೆ ಹಿತ್ತಲು ಐತೆ, ಕರಿಬೇವಿನ ಕುಂಡ ಬೇಸಿಗೇಲಿ ಹೊರಗಿಡ್ತೀವಿ. ನಿನ್ನ ಬಜೆಟ್ಟಿಗೆ ನಾನು ಹಳೇದೇ ಅಂತೀನಿ, ಆದ್ರೆ ಸಾಲ ಕೊಡೋ ಬ್ಯಾಂಕಿನ ವ್ಯಾಲ್ಯುಯೇಶನ್ ನಂಬ್ಕೊಂಡು ಕೂರಬೇಡ, ಅದು ಅವರಿಗೋಸ್ಕರ, ನೀನು ಬೇರೆ ದುಡ್ಡು ಕೊಟ್ಟು ಲೆವೆಲ್ 3 ಸರ್ವೆ, ಅಂದ್ರೆ ಮನೆಯ ಪೂರ್ತಿ ತಪಾಸಣೆ ಮಾಡಿಸು, ತೇವ ವೈರಿಂಗ್ ಹೆಂಚು ಎಲ್ಲಾ ಬರೆದು ಕೊಡ್ತಾರೆ, ಅದನ್ನಿಟ್ಕೊಂಡೇ ರೇಟ್ ಇಳಿಸಬಹುದು. ಇನ್ನೊಂದು, ಆಫರ್ ಒಪ್ಪಿದ್ರು ಅಂತ ದುರ್ಗಕ್ಕೆಲ್ಲ ಫೋನ್ ಮಾಡ್ಬೇಡ, ಇಂಗ್ಲೆಂಡಲ್ಲಿ ಮುಂಗಡ ಕೊಟ್ಟು ಮಾತು ಕಟ್ಟಿಹಾಕೋ ಪದ್ಧತಿ ಇಲ್ಲ, ಎರಡೂ ಕಡೆಯವರ ಸೈನ್ ಆದ ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗೋವರೆಗೆ ಮನೆ ಮಾರೋನು ಇನ್ನೊಬ್ಬನಿಗೆ ಮಾರಬಹುದು.

ಮಾವನೋರ ಮನೆ ಪತ್ರದ ಫೋಟೋ ಕಳಿಸು, ಎಷ್ಟು ಬಾಳುತ್ತೆ ಅಂತ ಮೊದಲು ಅದನ್ನ ನೋಡೋಣ. ಮುಂದಿನ ವಾರ ನಾನು ದುರ್ಗಕ್ಕೆ ಹೋಗೋದೈತೆ, ಅಪ್ಪಾಜಿ ಸೈಟಿಗೆ ಅಡ್ವಾನ್ಸ್ ಇಸ್ಕೊಳ್ಳೋಕೆ ಮುಂಚೆ ನಾನೇ ಹೋಗಿ ಮಾತಾಡ್ತೀನಿ, ಅಲ್ಲೀವರೆಗೆ ತಡ್ಕೊಳ್ಳಿ ಅನ್ನು.