ಕಣ್ಣಾರೆ ಕಂಡವರಿಲ್ಲದೆ ಕೊಲೆ ಕೇಸಿನಲ್ಲಿ ಶಿಕ್ಷೆ ಆಗುತ್ತದೆಯೇ? ಹೇಗೆ?

ಆಗುತ್ತದೆ. ಆದರೆ ಸಾಂದರ್ಭಿಕ ಸಾಕ್ಷ್ಯದ, ಅಂದರೆ ಸುತ್ತಲಿನ ಸಂಗತಿಗಳನ್ನು ಸರಪಳಿಯಂತೆ ಜೋಡಿಸಿ ಕಟ್ಟುವ ಸಾಕ್ಷ್ಯದ, ಒಂದೊಂದು ಕೊಂಡಿಯೂ ಪ್ರತ್ಯೇಕವಾಗಿ ಸಾಬೀತಾಗಬೇಕು. ಎಲ್ಲ ಸೇರಿದಾಗ ಆರೋಪಿಯೇ ಮಾಡಿದ್ದು ಎಂಬುದನ್ನು ಬಿಟ್ಟು ಬೇರೆ ವಿವರಣೆ ಉಳಿಯಬಾರದು. 1984ರ ಶರದ್ ಸಾರ್ಡಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಅಳತೆಗೋಲನ್ನು ಐದು ಸೂತ್ರಗಳಾಗಿ ಹೇಳಿ ‘ಪಂಚಶೀಲ’ ಎಂದು ಕರೆಯಿತು.

ಉಡುಪಿಯ ಸೆಷನ್ಸ್ ಕೋರ್ಟಿಗೆ ಒಂದು ಕೇಸು ಬಂತು ಎಂದಿಟ್ಟುಕೊಳ್ಳಿ. ರಾತ್ರಿ 9ಕ್ಕೆ ಮಲ್ಪೆ ಬಸ್ ಸ್ಟ್ಯಾಂಡಿನಲ್ಲಿ ಆರೋಪಿಯೂ ಸತ್ತವನೂ ಒಟ್ಟಿಗಿದ್ದರು, 11ಕ್ಕೆ ಹೆಣ ಸಿಕ್ಕಿತು. ಗಟ್ಟಿ ಕೊಂಡಿ. ಹೆಣ ಸಿಕ್ಕಿದ್ದು ಮೂರು ದಿನ ಬಿಟ್ಟು ಎಂದಾದರೆ? ನಡುವೆ ಇನ್ನೊಬ್ಬ ಬಂದಿರಬಹುದಲ್ಲ.

ಕೇಸು ಸೋರುವ ಇನ್ನೊಂದು ಜಾಗ ಮಹಜರು, ಅಂದರೆ ವಸ್ತು ಸಿಕ್ಕಿದ್ದನ್ನು ಪೊಲೀಸರು ಸಾಕ್ಷಿಗಳ ಎದುರು ಬರೆದಿಡುವ ದಾಖಲೆ. ‘ಕತ್ತಿಯನ್ನು ತೆಂಗಿನ ಬುಡದಲ್ಲಿ ಹೂತಿದ್ದೇನೆ, ಅದರಲ್ಲೇ ಕಡಿದೆ’ ಎಂದು ಆರೋಪಿ ಪೊಲೀಸರಿಗೆ ಹೇಳಿ, ಕತ್ತಿ ಸಿಕ್ಕಿತು ಅನ್ನಿ. ‘ಹೂತಿದ್ದೇನೆ’ ಎಂಬ ಮಾತಷ್ಟೇ ಸಾಕ್ಷ್ಯ. ‘ಕಡಿದೆ’ ಎಂಬುದು ಪೊಲೀಸರ ಮುಂದಿನ ತಪ್ಪೊಪ್ಪಿಗೆ, ಲೆಕ್ಕಕ್ಕಿಲ್ಲ. ಕತ್ತಿ ಸಿಕ್ಕಿದ್ದು ಊರವರೆಲ್ಲ ಓಡಾಡುವ ದಾರಿ ಬದಿಯಲ್ಲಾದರೆ, ಇಲ್ಲವೇ ಪಂಚರು (ಸ್ಥಳದಲ್ಲಿದ್ದು ಮಹಜರಿಗೆ ಸಹಿ ಹಾಕಬೇಕಾದ ಸಾಕ್ಷಿಗಳು) ‘ಸಹಿ ಹಾಕಿದ್ದು ಠಾಣೆಯಲ್ಲಿ’ ಎಂದುಬಿಟ್ಟರೆ, ಕೊಂಡಿ ಸಡಿಲ.

ಆರೋಪಿ ಸುಳ್ಳು ಹೇಳಿದ್ದು ಬಯಲಾದರೂ ತುಂಡಾದ ಸರಪಳಿಗೆ ಅದು ಬೆಸುಗೆಯಾಗದು. ಸರಪಳಿ ಪೂರ್ತಿ ಇದ್ದರೆ ಮಾತ್ರ ಅದೂ ಒಂದು ಕೊಂಡಿ.