ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದಾ?

ಪ್ರಶ್ನೆ: ನನಗೆ 71 ವರ್ಷ. ನಿವೃತ್ತ ಶಿಕ್ಷಕಿ, ಒಬ್ಬಳೇ ಇದ್ದೇನೆ. ನಮ್ಮ ಯಜಮಾನರು ಕೊನೆಯ ಮೂರು ವಾರ ಐಸಿಯುನಲ್ಲಿ ಪಟ್ಟ ಪಾಡು ನೋಡಿದ್ದೇನೆ. ನನಗದು ಬೇಡ. ಲಿವಿಂಗ್ ವಿಲ್, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ, ಬರೆಯುತ್ತೇನೆ ಅಂದರೆ ಮಗ 'ಒಳ್ಳೇ ಮಾತಾಡಮ್ಮಾ' ಅಂತ ಎದ್ದು ಹೋಗುತ್ತಾನೆ. ಬರೆದರೆ ನಾಳೆ ನ್ಯುಮೋನಿಯಾ ಬಂದರೂ ನೋಡದೆ ಬಿಟ್ಟುಬಿಡುತ್ತಾರಾ?
– ಹೆಸರು ಬೇಡ, ಸಾಗರ

ಉತ್ತರ: ಇಲ್ಲ ಟೀಚರ್. ಕಾಯಿಲೆ ಗುಣವಾಗುವುದಿಲ್ಲ ಅಂತ ವೈದ್ಯರಿಗೆ ಖಚಿತವಾಗಿ, ನಿಮ್ಮ ಇಷ್ಟವನ್ನು ನೀವೇ ಹೇಳಲಾಗದ ಸ್ಥಿತಿ ಬಂದಾಗ ಮಾತ್ರ ಆ ಪತ್ರ ತೆರೆಯುತ್ತಾರೆ. ಎರಡು ದಿನ ವೆಂಟಿಲೇಟರ್‌ನಲ್ಲಿದ್ದು, ಮೂರನೇ ದಿನ ಎದ್ದು ಕೂತು ಕಾಫಿ ಕೇಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ನೋವಿನ ಔಷಧಿಯಂತೂ ಕೊನೆವರೆಗೂ ಕೊಡುತ್ತಾರೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಬೇರೆಯೇ ವಿಷಯ, ನಮ್ಮಲ್ಲಿ ಅದು ಅಪರಾಧ.

ನಮ್ಮ ಹಳದೀಪುರದ ಅರುಣಾ ಶಾನಭಾಗ್ ನೆನಪಿದೆಯಲ್ಲ? ಮುಂಬೈಯಲ್ಲಿ ನರ್ಸ್ ಆಗಿದ್ದವರು, ಹಲ್ಲೆಯಲ್ಲಿ ಮೆದುಳಿಗೆ ಪೆಟ್ಟಾಗಿ 1973ರಿಂದ 2015ರವರೆಗೆ ಹಾಸಿಗೆಯಲ್ಲೇ ಕಳೆದರು. ಸುಪ್ರೀಂ ಕೋರ್ಟಿನಲ್ಲಿ ಈ ಚರ್ಚೆ ದೊಡ್ಡದಾಗಿದ್ದು ಅವರ ಕೇಸಿನಿಂದ. ಹೀಗೆ ಬರೆದಿಡುವ ಹಕ್ಕು ಸಿಕ್ಕಿದ್ದು 2018ರಲ್ಲಿ. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಯಾರು ಅಲೆಯುತ್ತಾರೆ? 2023ರಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ನಮ್ಮ ಆರೋಗ್ಯ ಇಲಾಖೆಯೂ ಆದೇಶ ಹೊರಡಿಸಿದೆ. ವೈದ್ಯರ ಎರಡು ಮಂಡಳಿ ನೋಡಿ ಒಪ್ಪಬೇಕು, ಹಾಗಾಗಿ ಯಾರೋ ಒಬ್ಬರು ಅವಸರದಲ್ಲಿ ಪೈಪು ಕೀಳುವ ಹಾಗಿಲ್ಲ.

ನಮ್ಮಪ್ಪ ಅಡಿಕೆ ತೋಟದ ಪಾಲುಪಟ್ಟಿ ಬರೆಸಿದ್ದರು. ಬಾವಿ ಪಕ್ಕದ ಹಲಸಿನ ಮರ ಯಾರಿಗೆ ಅನ್ನುವುದೂ ಅದರಲ್ಲಿತ್ತು. ಈ ವಿಷಯ ಒಂದಕ್ಷರ ಇರಲಿಲ್ಲ. ಲಕ್ವ ಹೊಡೆದು 19 ದಿನ ಐಸಿಯು. ಬಾಯಿಯ ಪೈಪು ಕಿತ್ತುಕೊಳ್ಳುತ್ತಾರೆ ಅಂತ, ಆಡುತ್ತಿದ್ದ ಒಂದೇ ಕೈಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದರು. ನಾನು ಡಾಕ್ಟರು, ಆದರೂ ಬಿಚ್ಚಿ ಅನ್ನಲು ಬಾಯಿ ಬರಲಿಲ್ಲ. ಕಾರಿಡಾರಿನಲ್ಲಿ ಮೂವರು ಮಕ್ಕಳದ್ದು ಮೂರು ಮಾತು. ಕೊನೆಗೆ ವಿಮಾನ ಇಳಿದು ಬಂದ ಅಣ್ಣ 'ಏನೇನಿದೆಯೋ ಎಲ್ಲಾ ಮಾಡಿ' ಅಂದ. ಎಲ್ಲಾ ಮಾಡಿದರು.

ಅದಕ್ಕೇ ಹೇಳುತ್ತೇನೆ, ನಿಮ್ಮ ಪರವಾಗಿ ಮಾತಾಡುವವರ ಹೆಸರು ಬರೆಯುವಾಗ ಯೋಚಿಸಿ. ಒಬ್ಬರಿಗಿಂತ ಜಾಸ್ತಿ ಹೆಸರು ಇರಲಿ. ಪ್ರೀತಿ ಎಲ್ಲರಿಗೂ ಇರುತ್ತೆ. ಸುತ್ತ ನಾಲ್ಕು ಜನ ಅಳುತ್ತಿರುವಾಗ 'ಅಮ್ಮ ಹೀಗೆ ಹೇಳಿದ್ದಳು' ಅನ್ನುವ ಗಟ್ಟಿತನ ಯಾರಿಗಿದೆ? ಸೊಸೆಯೇ ಇರಬಹುದು, ನೋಡಿ. ಮಗನ ಹತ್ತಿರ ಸಾವಿನ ಮಾತು ತೆಗೆಯಬೇಡಿ. 'ಅಪ್ಪನಿಗೆ ಆಗಿದ್ದು ನನಗೂ ಆಗಲಿ ಅಂತೀಯಾ?' ಅಂತ ಕೇಳಿ ಸುಮ್ನೆ ಕೂತಿರಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದೇ ರದ್ದು ಮಾಡಬಹುದು ಅಂತಲೂ ಹೇಳಿ.

ಪತ್ರದ ಒಂದು ಪ್ರತಿ ನೀವು ಹೆಸರು ಬರೆದವರಿಗೆ, ಒಂದು ನಿಮ್ಮ ಡಾಕ್ಟರಿಗೆ, ಇನ್ನೊಂದು ಸ್ಥಳೀಯ ಸಂಸ್ಥೆ ಇದಕ್ಕೆಂದು ನೇಮಿಸಿದ ಅಧಿಕಾರಿಗೆ. ನಿಮ್ಮದನ್ನು ಬೀರುವಿನಲ್ಲಿ ರೇಷ್ಮೆ ಸೀರೆಯ ಅಡಿಗೆ ಇಟ್ಟು ಬೀಗ ಹಾಕಬೇಡಿ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬಂದರೆ ಪಕ್ಕದ ಮನೆಯವರ ಕೈಗೂ ಸಿಗಬೇಕು. ಬಿಪಿ ಮಾತ್ರೆಯ ಡಬ್ಬಿ ಜತೆಗೇ ಇಡಿ.