ಕೆನಡಾದ ವಿನ್ನಿಪೆಗ್‌ಗೆ ಬರುತ್ತಿರುವ ಮೇಷ್ಟರಿಗೆ

ಮೇಷ್ಟರೇ,

ಕಾಲೇಜಿನ ಕೆಲಸ ಗಟ್ಟಿಯಾದ ಸುದ್ದಿ ಓದಿ ಸಂತೋಷವಾಯಿತು. ಚಳಿ, ಬಾಡಿಗೆ, ಮಕ್ಕಳ ಶಾಲೆಯ ವಿಚಾರವನ್ನು ಇಲ್ಲಿನ ಕನ್ನಡಿಗರು ಯಾರು ಬೇಕಾದರೂ ಹೇಳಿಯಾರು. ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ನಾನೇ ಉತ್ತರಿಸಬೇಕೆನಿಸಿತು: ‘ಮೂಲನಿವಾಸಿ ಅಧ್ಯಯನ ವಿಭಾಗ ಕಟ್ಟುವ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ಹೊಸದಾಗಿ ಬಂದವನಿಗೆ ಅಲ್ಲೇನು ಕೆಲಸ?’

ಕೆಲಸ ಬೇಕಾದಷ್ಟಿದೆ. ಆದರೆ ಏನು ಕಲಿಸಬೇಕೆಂದು ತೀರ್ಮಾನಿಸುವ ಕೆಲಸ ನಿಮ್ಮದಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಓಡಾಡಿದವರು ನೀವು. ಅವರ ಪರವಾಗಿ ಬೇರೆಯವರೇ ಮಾತನಾಡುವುದನ್ನು ಕಂಡಿದ್ದೀರಿ. ಆ ಎಚ್ಚರ ಇರಲಿ. ಅದನ್ನೇ ಅರ್ಹತೆಯೆಂದು ಇಲ್ಲಿಯವರ ಮುಂದೆ ಹೇಳಿಕೊಳ್ಳುವುದು ಬೇಡ.

ನೀವು ಮನೆ ಮಾಡಲಿರುವ ಊರು 1871ರ ಒಂದನೇ ಒಪ್ಪಂದದ ನೆಲ. ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಮತ್ತು ಕ್ರೀ ಜನರು ಬ್ರಿಟಿಷ್ ಅರಸೊತ್ತಿಗೆಯೊಡನೆ ಮಾಡಿಕೊಂಡದ್ದು. ಮೂಲನಿವಾಸಿ ಮತ್ತು ಯುರೋಪಿಯನ್ ಮನೆತನಗಳೆರಡರಿಂದಲೂ ಬಂದ ಮೇಟಿ ಜನರ ತಾಯ್ನಾಡೂ ಇದೇ. ನಮ್ಮಂಥವರು ಇಲ್ಲಿ ನೆಲೆಸಲು ಹಾದಿಯಾದದ್ದು ಆ ಒಪ್ಪಂದ. ಈ ದೇಶದಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ದೂರಮಾಡಿ ವಸತಿ ಶಾಲೆಗಳಿಗೆ ದೂಡಿದರು, ತಾಯ್ನುಡಿ ಆಡಿದವರನ್ನು ಶಿಕ್ಷಿಸಿದರು. ಅಂಥ ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ನಿಮ್ಮ ತರಗತಿಯಲ್ಲಿ ಕೂರುವ ಹುಡುಗಿಯ ಅಜ್ಜಿಯೋ ತಾಯಿಯೋ ಅಲ್ಲಿದ್ದವರಾಗಿರಬಹುದು. ಕಾಲೇಜಿನ ಮೆಟ್ಟಿಲು ಹತ್ತಲು ಆ ಮನೆಯವರು ಹಿಂಜರಿದರೆ ಕಾರಣ ಅಲ್ಲಿದೆ.

ಈ ಶಾಲೆಗಳ ಕುರಿತು ವಿಚಾರಣೆ ನಡೆಸಿದ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ ಕ್ರಮ ಕೈಗೊಳ್ಳುವಂತೆ 94 ಕರೆಗಳನ್ನು ಮುಂದಿಟ್ಟ ಮೇಲೆ ಎಷ್ಟೋ ಕಾಲೇಜುಗಳು ಚುರುಕಾದವು. ಹಾದಿ ಅದಕ್ಕಿಂತ ಹಳೆಯದು. ಟ್ರೆಂಟ್ ವಿಶ್ವವಿದ್ಯಾಲಯ 1969ರಲ್ಲೇ ಮೂಲನಿವಾಸಿ ಅಧ್ಯಯನ ಆರಂಭಿಸಿತ್ತು. 1976ರಲ್ಲಿ ಪಕ್ಕದ ಸಸ್ಕ್ಯಾಚವಾನ್ ಪ್ರಾಂತ್ಯದ ಫಸ್ಟ್ ನೇಷನ್ಸ್ ಎಂದು ಕರೆಯುವ ಮೂಲನಿವಾಸಿ ಜನರು ತಮ್ಮದೇ ಕಾಲೇಜು ಕಟ್ಟಿದರು. ಇಂದಿನ ಫಸ್ಟ್ ನೇಷನ್ಸ್ ಯೂನಿವರ್ಸಿಟಿ ಅದೇ. ನನ್ನ ಮಟ್ಟಿಗೆ ಮಾದರಿ ಈ ಎರಡನೆಯದು, ಏಕೆಂದರೆ ಅಲ್ಲಿ ತೀರ್ಮಾನ ಅವರದೇ.

ಇನ್ನು ನಿಮ್ಮ ಪಾಲಿನ ಕೆಲಸ. ಇಲ್ಲಿ ಹಿರಿಯರನ್ನು ಪಾಠಕ್ಕೆ ಕರೆಯುವಾಗ ಪುಟ್ಟ ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪನ್ನು ಕೊಟ್ಟು ಕೇಳುವ ರೂಢಿಯಿದೆ. ತೆಗೆದುಕೊಂಡರೆ ಒಪ್ಪಿದಂತೆ, ನಮ್ಮಲ್ಲಿ ವೀಳ್ಯ ಕೊಟ್ಟು ಕರೆದ ಹಾಗೆ. ಅವರು ಬಂದು ಪಾಠ ಹೇಳಿ ಹೋದ ಮೇಲೆ ಲೆಕ್ಕಪತ್ರ ವಿಭಾಗ ಪದವಿ ಯಾವುದು, ಬಿಲ್ ಎಲ್ಲಿ ಎಂದು ಕೇಳುತ್ತದೆ, ಗೌರವಧನ ವಾರಗಟ್ಟಲೆ ಕೊಳೆಯುತ್ತದೆ. ಎಂಬತ್ತು ದಾಟಿದವರನ್ನು ಹೀಗೆ ಕಾಯಿಸುವುದು ನಾಚಿಕೆಗೇಡು. ಆ ಕಚೇರಿಯೊಡನೆ ಹಟ ಹಿಡಿದು, ಅಂದೇ ಹಣ ಅವರ ಕೈಸೇರುವಂತೆ ಮಾಡಿ. ಅನಿಶಿನಾಬೆ ಜನರ ಕೆಲವು ಕಥೆಗಳನ್ನು ನೆಲದ ಮೇಲೆ ಹಿಮವಿದ್ದಾಗ ಮಾತ್ರ ಹೇಳಬೇಕು. ವೇಳಾಪಟ್ಟಿಯೇ ಅದಕ್ಕೆ ಹೊಂದಿಕೊಳ್ಳಲಿ. ಕೇಳಿದ ಕಥೆಯನ್ನು ಅನುಮತಿಯಿಲ್ಲದೆ ರೆಕಾರ್ಡ್ ಮಾಡುವುದು ಬೇಡ. ಕ್ರೀ ಭಾಷೆಯ, ಅನಿಶಿನಾಬೆ ಜನರ ಒಜಿಬ್ವೆ ಭಾಷೆಯ ತರಗತಿಗೆ ನಾಲ್ಕೇ ಜನ ಸೇರಿದರೂ ರದ್ದು ಮಾಡಲು ಬಿಡಬೇಡಿ.

ಮೊದಲ ಸಭೆಯಲ್ಲಿಯೇ ಒಂದು ಪ್ರಶ್ನೆ ಕೇಳಿ: ಈ ಸಮಿತಿಯಲ್ಲಿ ಮತದ ಹಕ್ಕಿರುವ ಮೂಲನಿವಾಸಿಗಳು ಎಷ್ಟು ಮಂದಿ? ಅರ್ಧಕ್ಕಿಂತ ಕಡಿಮೆಯಿದ್ದರೆ ನಿಮ್ಮ ಸ್ಥಾನವನ್ನು ಅವರಲ್ಲೊಬ್ಬರಿಗೆ ಬಿಟ್ಟುಕೊಡಿ, ಮೇಲೆ ಹೇಳಿದ ಓಡಾಟವನ್ನು ಹೊರಗಿನಿಂದಲೇ ಮಾಡಿ.